ಬೇಬಿಯ ಐಸು, ಉಮಾನಾಥರ ದನ

ಬೇಬಿಯ ಪೆಟ್ಟಿಗೆಯಲ್ಲಿ ಮೀನಿಗಿಂತ ಐಸೇ ಜಾಸ್ತಿ ಎಂದು ಹಾಲೆಮರದ ಬುಡಕ್ಕೆ ಬರುವ ಗಿರಾಕಿಗಳು ಗೇಲಿ ಮಾಡುವುದಿತ್ತು. ಅವಳು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನು ಆರಿಸಿ, ಪೆಟ್ಟಿಗೆಯ ತಳಕ್ಕೆ ಪುಡಿ ಐಸು ಹಾಸಿ, ಅದರ ಮೇಲೆ ಮೀನು, ಮೀನಿನ ಮೇಲೆ ಮತ್ತೆ ಐಸು, ಎಲ್ಲಕ್ಕೂ ಮೇಲೆ ಒಂದು ಹಿಡಿ ಹರಳುಪ್ಪು ಎರಚಿ ಮುಚ್ಚಳ ಬಿಗಿದರೆ ಮುಗಿಯಿತು. ಸ್ಕೂಟರು ಮಣಿಪಾಲದ ಏರು ಹತ್ತಿ, ಪರ್ಕಳ ದಾಟಿ, ಕಾರ್ಕಳದ ರಸ್ತೆಯ ಆ ಮರದ ಬುಡಕ್ಕೆ ಬಂದು ನಿಲ್ಲುವ ಹೊತ್ತಿಗೂ ಬಂಗುಡೆಯ ಕಣ್ಣು ಫಳಫಳ ಹೊಳೆಯುತ್ತಿತ್ತು.

ಈ ವಿದ್ಯೆ ಅವಳಿಗೆ ತಾಯಿಯಿಂದ ಬಂದದ್ದು. ಕಾಪುವಿನ ದೀಪಸ್ತಂಭದ ಬಗಲಿನ ಮನೆಯಿಂದ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕಾಲದಲ್ಲಿ ಐಸು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕ ತುಂಡನ್ನು ಉಮಿಯಲ್ಲಿ ಹೂತು, ಗೋಣಿ ಸುತ್ತಿ, ಬಾಣಂತಿ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದಳು. ಉಪ್ಪು ಬಿದ್ದರೆ ಐಸಿನ ಚಳಿ ಏರುತ್ತದೆ ಎಂದು ಹೇಳಿಕೊಟ್ಟವಳೂ ಅವಳೇ. ಬೇಬಿಯ ಕಾಲಕ್ಕೆ ಬಸ್ಸು ಬಂತು. ಪಾತ್ರೆಯಿಂದ ಒಂದು ಹನಿ ಸೋರಿದರೆ ಇಡೀ ಬಸ್ಸು ಮೂಗು ಹಿಡಿಯುತ್ತಿತ್ತು. ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲ ಮೆಟ್ಟಿಲಿನಲ್ಲೇ ನಿಂತು ಬರಬೇಕಿತ್ತು. ಗಂಡ ಬೋಟಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಭಾರ ಪೂರ್ತಿ ಇವಳದಾಯಿತು. ಆಗ ಸ್ಕೂಟರು ಕಲಿತಳು. ಮೊದಲ ದಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಮಾರಿಯಮ್ಮನ ಗುಡಿಯ ಕಡೆಗೆ ತಿರುಗಿ, ತಾಯೇ, ನನ್ನ ಕೈಯಿಂದ ಯಾರ ಹೊಟ್ಟೆಗೂ ಕೆಟ್ಟದ್ದು ಹೋಗದ ಹಾಗೆ ನೋಡಿಕೋ ಎಂದಷ್ಟೇ ಬೇಡಿಕೊಂಡಿದ್ದಳು. ಬೇರೇನನ್ನೂ ಕೇಳಿರಲಿಲ್ಲ.

ಉಳಿದ ಮೀನನ್ನು ಮರುದಿನ ಅವಳು ಎಂದೂ ಮಾರಿದವಳಲ್ಲ. ಅದು ಕಾಪುವಿನ ಮನೆಯ ಮಾಡಿನ ಮೇಲೆ ಒಣಗುತ್ತಿತ್ತು. ಮೀನು ಕೆಡದಿರಲೆಂದು ಹೊರಗಿನವರು ಫಾರ್ಮಲಿನ್ ಎಂಬ ಮದ್ದು ಹಾಕುತ್ತಾರಂತೆ, ಆಸ್ಪತ್ರೆಯಲ್ಲಿ ಹೆಣಕ್ಕೆ ಹಾಕುವ ಮದ್ದಂತೆ ಎಂಬ ಸುದ್ದಿ ಹಿಂದೊಮ್ಮೆ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಆಗ ಹಾಲೆಮರದ ಬುಡದಲ್ಲಿ ಗಿರಾಕಿಗಳು ಪೆಟ್ಟಿಗೆಯನ್ನು ದೂರದಿಂದಲೇ ನೋಡಿ ಹೋಗತೊಡಗಿದರು. ಬೇಬಿ ಪೆಟ್ಟಿಗೆಯಿಂದ ಒಂದು ಐಸಿನ ತುಂಡು ತೆಗೆದು, ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದಳು. ಅವತ್ತಿನಿಂದ ಆ ರಸ್ತೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

ಮತ್ತೆ ಎತ್ತಿದವರು ಉಮಾನಾಥ.

ಉಮಾನಾಥರು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಮರದ ಎದುರಿಗೇ ಅವರ ಮನೆ. ಬಂಗುಡೆ ಇಲ್ಲದಿದ್ದರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಬೇಬಿಯ ಮೊದಲ ಬೋಣಿ ಹೆಚ್ಚಾಗಿ ಅವರದೇ. ಹಟ್ಟಿಯಲ್ಲಿ ಕಪಿಲೆ ಎಂಬ ಹಾಲು ಕೊಡುವ ದನ, ಅದರ ಮಗಳು ಕೆಂಚಿ ಎಂಬ ಕಡಸು. ಬೆಳಿಗ್ಗೆ ಇವೆರಡನ್ನೂ ಕಂಪೌಂಡಿನ ಹೊರಗೆ, ಚರಂಡಿಯ ಬದಿಯ ಹುಲ್ಲಿಗೆ ಕಟ್ಟುತ್ತಿದ್ದರು. ಬೇಬಿಯ ಪೆಟ್ಟಿಗೆಯ ಐಸು ಕರಗಿದ ನೀರು ಹರಿದು ಸೇರುತ್ತಿದ್ದುದೂ ಆ ಚರಂಡಿಗೇ. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೇ ತಿಂಗಳಲ್ಲಿ ಉಮಾನಾಥರ ಮಗ ವಿಕಾಸ್ ಪಕ್ಕದಲ್ಲೇ ಕಟ್ಟಿಸಿದ ಹೊಸ ಮನೆಯ ಒಕ್ಕಲು ನಡೆಯಿತು. ದೊಡ್ಡ ಊಟ. ಭಾನುವಾರ ಸಂಜೆ ಪಾತ್ರೆಗಳಲ್ಲಿ ಅನ್ನ, ಪಾಯಸ, ಹೋಳಿಗೆ ರಾಶಿ ಉಳಿದಿತ್ತು. ಮಂಗಳಕಾರ್ಯದ ಅನ್ನ ದನದ ಹೊಟ್ಟೆಗೆ ಹೋದರೆ ಪುಣ್ಯ ಎಂದು ಉಮಾನಾಥರ ಹೆಂಡತಿ ಹೇಳಿದರು; ಸೊಸೆ ಪ್ರಣೀತಾ ದನಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು ಕೊಡುವ ಬಾನಿಗೆ ಅದನ್ನೆಲ್ಲ ಸುರಿದಳು. ಕಪಿಲೆ ಕೊಂಬು ಬೀಸಿ ಕೆಂಚಿಯನ್ನು ಆಚೆ ನೂಕಿ, ಬಾನಿಯ ತಳ ಕಾಣುವವರೆಗೆ ತಿಂದಿತು. ಸೋಮವಾರ ಅದು ಮೆಲುಕು ಹಾಕಲಿಲ್ಲ. ಹೊಟ್ಟೆ ಉಬ್ಬಿತು, ನಡೆದರೆ ಕುಡಿದವರ ಹಾಗೆ ಓಲಾಡಿತು. ಮನೆಯವರು ಓಮದ ಕಷಾಯ ಕುಡಿಸಿ, ದೃಷ್ಟಿ ತೆಗೆದು ಸುಮ್ಮನಾದರು. ಮಂಗಳವಾರ ಬೆಳಿಗ್ಗೆ ನೋಡಿದರೆ ಕಪಿಲೆ ಹಟ್ಟಿಯಲ್ಲಿ ಕಾಲು ಚಾಚಿ ಮಲಗಿತ್ತು.

ಇದೆಲ್ಲ ಬೇಬಿಗೆ ಆಮೇಲೆ ತಿಳಿದದ್ದು. ಮಂಗಳವಾರ ಅವಳು ಬಂದು ಸ್ಕೂಟರು ನಿಲ್ಲಿಸಿ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಾಗ ಗೇಟಿನ ಬಳಿ ಜನ ಸೇರಿದ್ದರು. ಉಮಾನಾಥರು ರಸ್ತೆ ದಾಟಿ ಬಂದವರು ಏನು ಎತ್ತ ಎನ್ನದೆ ಪೆಟ್ಟಿಗೆಯನ್ನು ಕಾಲಿನಿಂದ ಒದ್ದರು. ಐಸು, ಬಂಗುಡೆ, ನಂಗು ಎಲ್ಲ ಡಾಂಬರಿನ ಮೇಲೆ ಚೆಲ್ಲಿತು.

"ನಿನ್ನ ಮದ್ದಿನ ನೀರು ಕುಡಿದು ನನ್ನ ದನ ಸತ್ತಿತು," ಎಂದರು. "ಫಾರ್ಮಲಿನ್ ಹಾಕಿ ಊರಿಗೆ ತಿನ್ನಿಸುವುದು ಸಾಲದು ಅಂತ ಚರಂಡಿಗೂ ಬಿಡ್ತೀಯಾ?"

ಬೇಬಿ ಬಿದ್ದ ಮೀನನ್ನು ನೋಡಿದಳು, ಸುತ್ತ ನಿಂತವರನ್ನು ನೋಡಿದಳು. ನಿನ್ನೆ ಮೊನ್ನೆಯವರೆಗೆ ಬೇಬಿಯಕ್ಕ, ಒಂದು ಮೇಲಿಂದ ಹಾಕು ಎಂದು ತಟ್ಟೆ ಒಡ್ಡಿದವರೇ ಅವರೆಲ್ಲ. ಯಾರೊಬ್ಬರೂ ಹಾಗಲ್ಲ ಎನ್ನಲಿಲ್ಲ. ಒಬ್ಬಾತ ಫೋನು ಎತ್ತಿ ಚಿತ್ರ ತೆಗೆಯುತ್ತಿದ್ದ. ಅವಳ ಎದೆಯಲ್ಲಿ ಎದ್ದದ್ದು ಅಳುವಲ್ಲ. ಇವರಪ್ಪನ ಕಾಲದಿಂದ, ಇವರು ಮುಂಬಯಿಯಲ್ಲಿದ್ದಾಗಲೂ, ಈ ಮನೆಗೆ ಮೀನು ಕೊಟ್ಟಿದ್ದೇವೆ. ಇವರ ಮಗನಿಗೆ ಅನ್ನಪ್ರಾಶನವಾದ ಮೇಲೆ ಮೊದಲ ಮೀನು ಮುಳ್ಳು ಬಿಡಿಸಿ ಕೊಟ್ಟದ್ದು ತಾನು. ಅಷ್ಟು ವರ್ಷದ ಹೊಟ್ಟೆಯಲ್ಲಿ ಇಲ್ಲದ ವಿಷ ಒಂದು ಬೆಳಿಗ್ಗೆ ಎಲ್ಲಿಂದ ಬಂತು?

"ದನವನ್ನು ಕೊಯ್ಸಿ ನೋಡಿ," ಎಂದಳು. "ನನ್ನ ನೀರಿನಿಂದ ಸತ್ತದ್ದಾದರೆ ಈ ರಸ್ತೆಗೆ ಮತ್ತೆ ಪೆಟ್ಟಿಗೆ ತರುವುದಿಲ್ಲ. ಮಾರಿಯಮ್ಮನ ಆಣೆ."

ದನವನ್ನು ಕೊಯ್ಯುವುದಾ ಎಂದು ಉಮಾನಾಥರ ಹೆಂಡತಿ ಕಿವಿ ಮುಚ್ಚಿಕೊಂಡರು. ಗುಂಡಿ ತೋಡಲು ಜೆಸಿಬಿಗೆ ಹೇಳಿಯಾಗಿದೆ, ಹೂಳಿ ಮುಗಿಸುವುದು ಎಂದರು ವಿಕಾಸ್. ಬೇಬಿ ಇನ್ನು ಅಲ್ಲಿ ನಿಲ್ಲಲಿಲ್ಲ. ಹೂತರೆ ಆ ಗುಂಡಿಯಲ್ಲಿ ತಾನೂ ಹೋದ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಖಾಲಿ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ನೇರ ಪಶು ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರು ಧೃತಿ ಎಂಬ ಸಣ್ಣ ಪ್ರಾಯದ ಹೆಣ್ಣುಮಗಳು. ಘಟ್ಟದ ಮೇಲಿನವಳು, ತುಳು ಬಾರದು. ಬೇಬಿ ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು. ಡಾಕ್ಟರು ಕೈಯಲ್ಲಿದ್ದ ಕೆಲಸ ಮುಗಿಸಿ ಬರುವಾಗ ಮಧ್ಯಾಹ್ನ ದಾಟಿತ್ತು. ಪುಣ್ಯಕ್ಕೆ ಜೆಸಿಬಿಯೂ ತಡವಾಗಿತ್ತು. ಕಾರಣ ತಿಳಿಯದ ಸಾವು, ಸಾಂಕ್ರಾಮಿಕವಾಗಿದ್ದರೆ ಊರಿನ ದನಗಳಿಗೆಲ್ಲ ಹರಡೀತು ಎಂದು ಡಾಕ್ಟರು ಗದರಿದ ಮೇಲೆ ಉಮಾನಾಥರು ಒಪ್ಪಿದರು. ಗುಂಡಿಯ ಬದಿಯಲ್ಲಿ ಕಪಿಲೆಯನ್ನು ಬಿಚ್ಚಿದಾಗ ಎಲ್ಲರೂ ಮೂಗು ಮುಚ್ಚಿ ದೂರ ಸರಿದರು. ಬೇಬಿ ಒಬ್ಬಳೇ ಹತ್ತಿರ ನಿಂತು, ಡಾಕ್ಟರ ಕೈಗೆ ನೀರು ಹೊಯ್ದಳು.

ಡಾಕ್ಟರು ಮೊದಲು ಬಾಯಿ, ನಾಲಿಗೆ, ಗಂಟಲು ನೋಡಿದರು. ಫಾರ್ಮಲಿನ್ ಕುಡಿದಿದ್ದರೆ ಇಲ್ಲೆಲ್ಲ ಸುಟ್ಟಿರಬೇಕಿತ್ತು, ಸುಟ್ಟಿಲ್ಲ ಎಂದರು. ಬೇಬಿ ಉಮಾನಾಥರ ಮುಖ ನೋಡಿದಳು. ಅವರು ಸೋಲುವ ಜನ ಅಲ್ಲ. ಅದು ನಿಧಾನಕ್ಕೆ ಲಿವರಿಗೆ ಹೋಗಿ ಕೊಲ್ಲುವ ವಿಷ, ಫೋನಿನಲ್ಲಿ ಓದಿದ್ದೇನೆ ಎಂದರು. ಆಮೇಲೆ ಹೊಟ್ಟೆಯ ದೊಡ್ಡ ಚೀಲ ಕೊಯ್ದಾಗ ಒಳಗಿನಿಂದ ಬೂದು ಬಣ್ಣದ ಗಂಜಿ ಹೊರಬಂತು. ಹಳಸಿದ ಹುಳಿ ವಾಸನೆ. ನಡುನಡುವೆ ಹೋಳಿಗೆಯ ಚೂರು. ಚೀಲದ ಒಳಪದರ ಡಾಕ್ಟರ ಕೈಗವಸಿಗೆ ನೆನೆದ ಕಾಗದದ ಹಾಗೆ ಕಿತ್ತು ಬಂತು.

ಡಾಕ್ಟರು ಆ ಪದರವನ್ನು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಎಷ್ಟು ಅನ್ನ ಹಾಕಿದಿರಿ ಎಂದು ಕೇಳಿದರು. ಪ್ರಣೀತಾ ಬಾಯಿ ತೆರೆಯುವ ಮೊದಲೇ ಅತ್ತೆ, ಸ್ವಲ್ಪವೇ, ಒಂದು ಹಿಡಿ ಪ್ರಸಾದದ ಹಾಗೆ ಎಂದರು. ಪ್ರಣೀತಾ ನೆಲ ನೋಡಿದಳು. ಬೇಬಿಗೆ ಉಮಾನಾಥರ ಹೆಂಡತಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅನ್ನ ಹಾಕಿದ್ದಕ್ಕಲ್ಲ, ದೇವರಿಗೆಂದು ಮಾಡಿದ ಕೆಲಸದ ಮೇಲೆ ಸುಳ್ಳು ಮುಚ್ಚಿದ್ದಕ್ಕೆ.

"ಈ ಪದರ ಕಿತ್ತು ಬರುವುದು ನೋಡಿದರೆ ಒಳಗೆ ಹುಳಿ ಸುಟ್ಟ ಹಾಗೆ ಕಾಣ್ತದೆ," ಎಂದರು ಡಾಕ್ಟರು. "ಆದರೆ ಸತ್ತು ಇಷ್ಟು ಹೊತ್ತಾದರೆ ಯಾವ ದನದ್ದೂ ಹೀಗೇ ಕಿತ್ತು ಬರ್ತದೆ. ಕಣ್ಣಲ್ಲಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ."

ಮತ್ತೆ ಹೇಗೆ ಹೇಳುವುದು ಎಂದು ಬೇಬಿ ಕೇಳಿದಳು. ಡಾಕ್ಟರು ಕತ್ತರಿ ತೊಳೆಯುತ್ತಾ ಹೇಳಿದರು. ದೇಹವೆಂದರೆ ಕಣ್ಣಿಗೆ ಕಾಣದ ಕೋಶಗಳ ಗೂಡು. ಕೋಶ ಒಮ್ಮೆಲೇ ಸಾಯುವುದಿಲ್ಲ. ವಿಷವೋ ಹುಳಿಯೋ ತಾಗಿದಾಗ ಮೊದಲು ಒಳಗೆ ನೀರು ತುಂಬಿ ಉಬ್ಬುತ್ತದೆ, ಮಂಕಾಗುತ್ತದೆ. ಅಷ್ಟರಲ್ಲಿ ಕಾರಣವನ್ನು ದೂರ ಮಾಡಿದರೆ ನೀರು ಇಳಿದು ಮತ್ತೆ ಮೊದಲಿನಂತಾಗುತ್ತದೆ. ಒಂದು ಗಡಿ ದಾಟಿತೋ, ಗೋಡೆ ಒಡೆದು, ನಡುವಿನ ತಿರುಳು ಕುಗ್ಗಿ ಕರಗಿ ಹೋಗುತ್ತದೆ. ಆಮೇಲೆ ಯಾವ ಮದ್ದಿಗೂ ಹಿಂದೆ ಬರುವುದಿಲ್ಲ. ದನ ಬದುಕಿದ್ದಾಗ ಸತ್ತ ಕೋಶಕ್ಕೂ, ದನ ಸತ್ತ ಮೇಲೆ ಕೊಳೆತ ಕೋಶಕ್ಕೂ ಒಂದು ವ್ಯತ್ಯಾಸ ಉಂಟು. ಬದುಕಿರುವ ದೇಹದಲ್ಲಿ ಎಲ್ಲಿ ಕೋಶ ಸತ್ತರೂ ರಕ್ತದ ಬಿಳಿ ಕಣಗಳು ಓಡಿ ಬಂದು ಸುತ್ತ ಸೇರುತ್ತವೆ. ದೇಹವೇ ಸತ್ತ ಮೇಲೆ ಬರುವವರು ಯಾರೂ ಇಲ್ಲ. ಕೋಶ ತನ್ನಷ್ಟಕ್ಕೆ ಕೊಳೆಯುತ್ತದೆ.

"ಅಂದರೆ ಮರಣದ ಮನೆಯ ಅಂಗಳದಲ್ಲಿ ಚಪ್ಪಲಿ ಎಷ್ಟು ಉಂಟು ಅಂತ ನೋಡಿದ ಹಾಗೆ," ಎಂದಳು ಬೇಬಿ.

ಡಾಕ್ಟರು ನಕ್ಕರು. "ಹಾಗೇ. ಸೂಕ್ಷ್ಮದರ್ಶಕದಲ್ಲಿ ನೋಡುವುದು ಆ ಚಪ್ಪಲಿಯನ್ನೇ."

ಲಿವರ್ ಮತ್ತು ಮೂತ್ರಪಿಂಡದ ತುಂಡುಗಳನ್ನು ಡಾಕ್ಟರು ಒಂದು ಸಣ್ಣ ಬಾಟಲಿಗೆ ಹಾಕಿದರು. ಹೊಟ್ಟೆಯ ಚೀಲದ ತುಂಡು ದೊಡ್ಡದಾದ್ದರಿಂದ ಪ್ರಣೀತಾ ತಂದುಕೊಟ್ಟ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಸುತ್ತಲೂ ಟೇಪು ಬಿಗಿದರು. ಎರಡಕ್ಕೂ ಏನೋ ನೀರು ತುಂಬಿದರು. ಮಂಕಾಗಿ ನಿಂತಿದ್ದ ಕೆಂಚಿಗೆ, ಹೊಟ್ಟೆಯಲ್ಲಿ ಹುಳಿ ಇದ್ದರೆ ಇಳಿಯಲಿ ಎಂದು ಅಡಿಗೆ ಸೋಡಾ ಕಲಸಿ ಕುಡಿಸಿ, ಬೈಹುಲ್ಲು ಬಿಟ್ಟು ಬೇರೇನೂ ಕೊಡಬೇಡಿ ಎಂದರು. ಬಾಟಲಿಗಳನ್ನು ಸಂಜೆಯೊಳಗೆ ಉಡುಪಿಯ ಲ್ಯಾಬಿಗೆ ಮುಟ್ಟಿಸಬೇಕಿತ್ತು. ಅಷ್ಟರಲ್ಲಿ ಕಾರ್ಕಳದ ಕಡೆಯಿಂದ, ಕರು ಹಾಕುವ ದನದ ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದಿದೆ ಎಂದು ಡಾಕ್ಟರಿಗೆ ಫೋನು ಬಂತು. ಹೊಸ ಕಾರಿನಲ್ಲಿ ಸತ್ತ ದನದ ಮಾಂಸ ಇಡುವುದಿಲ್ಲ ಎಂದರು ವಿಕಾಸ್.

"ಕೊಡಿ ಇಲ್ಲಿ, ನಾನು ಹೇಗೂ ಉಡುಪಿಯ ಮೇಲೆಯೇ ಮನೆಗೆ ಹೋಗುವುದು," ಎಂದು ಬೇಬಿ ಕೈ ಚಾಚಿದಳು. ಬೇಗ ಕೊಡಿ ಎಂದಷ್ಟೇ ಹೇಳಿ ಡಾಕ್ಟರು ಬೈಕು ಹತ್ತಿದರು.

ತಪ್ಪು ನಡೆದದ್ದು ಮಣಿಪಾಲದ ಇಳಿಜಾರಿನಲ್ಲಿ.

ದಾರಿಯಲ್ಲಿ ಅವಳು ಹೊಸ ಐಸು, ಉಪ್ಪು ತೆಗೆದುಕೊಂಡಿದ್ದಳು. ಮಾಂಸದ ಸಾಮಾನನ್ನು ಮೇ ತಿಂಗಳ ಬಿಸಿಲಿನಲ್ಲಿ ಬರಿದೇ ಒಯ್ಯುವುದು ಅವಳ ಕೈಗೆ ಒಗ್ಗದ ಕೆಲಸ. ಐಸಿನಲ್ಲಿ ಇಡಲೆಂದು ಸಣ್ಣ ಬಾಟಲಿ ಎತ್ತಿದಾಗ ಮುಚ್ಚಳ ಸೋರಿ ಕೈ ಒದ್ದೆಯಾಯಿತು. ಕಣ್ಣು ಮೂಗು ಉರಿಯುವ ವಾಸನೆ. ತಿರುಗಿಸಿ ನೋಡಿದರೆ ಚೀಟಿಯ ಮೇಲೆ ಡಾಕ್ಟರ ಅಕ್ಷರದಲ್ಲಿ ಫಾರ್ಮಲಿನ್ ಎಂದು ಬರೆದಿತ್ತು.

ಬೇಬಿ ರಸ್ತೆಯ ಬದಿಯಲ್ಲಿ ಹಾಗೇ ನಿಂತುಬಿಟ್ಟಳು. ಬೆಳಿಗ್ಗೆ ತನ್ನ ಪೆಟ್ಟಿಗೆಯನ್ನು ಒದೆಸಿದ್ದು ಇದೇ ಶಬ್ದ. ಈಗ ಯಾರಾದರೂ ಬಂದು ಮುಚ್ಚಳ ತೆಗೆದರೆ ತನ್ನ ಮೀನಿನ ಪೆಟ್ಟಿಗೆಯಲ್ಲಿ ಫಾರ್ಮಲಿನ್ ಸಿಕ್ಕಿತು ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಹೆದರಿಕೆಗಿಂತ ದೊಡ್ಡದಾಗಿ ಎದ್ದದ್ದು ರೋಷ. ಫಾರ್ಮಲಿನ್ ಹಾಕುವವಳಲ್ಲ ಎಂದು ತೋರಿಸಲು ಹೊರಟ ತಾನು ಫಾರ್ಮಲಿನ್ನಿನಲ್ಲೇ ಮುಳುಗಿಸಿದ್ದನ್ನು ಒಯ್ದು ಕೊಡುವುದೆ? ಲಿವರಿನಲ್ಲಿ ಆ ಮದ್ದು ಉಂಟು ಎಂದು ಲ್ಯಾಬಿನವರು ಹೇಳದೆ ಇನ್ನೇನು ಹೇಳಿಯಾರು? ಸಾಮಾನು ಕೆಡದ ಹಾಗೆ ಇಡುವುದು ತನಗೆ ಗೊತ್ತಿಲ್ಲವೆ?

ಬಾಟಲಿಯ ಮದ್ದನ್ನು ಪೊದೆಯ ಬುಡಕ್ಕೆ ಚೆಲ್ಲಿದಳು. ತುಂಡುಗಳನ್ನು ತನ್ನ ಕುಡಿಯುವ ನೀರಿನಲ್ಲಿ ತೊಳೆದಳು. ಬಾಟಲಿಗೆ ಮತ್ತೆ ಹಾಕಿ, ಸುತ್ತ ಐಸು ಒತ್ತಿ, ಮೇಲೆ ಒಂದು ಹಿಡಿಯ ಬದಲು ನಾಲ್ಕು ಹಿಡಿ ಉಪ್ಪು ಸುರಿದಳು. ಇಷ್ಟು ಶ್ರದ್ಧೆಯಿಂದ ಅವಳು ದುಬಾರಿ ಅಂಜಲ್ ಮೀನನ್ನೂ ಇಟ್ಟಿರಲಿಲ್ಲ. ಹಾರ್ಲಿಕ್ಸ್ ಬಾಟಲಿಯ ಟೇಪು ಬಿಡಿಸಲು ಉಗುರು ಸಾಲಲಿಲ್ಲ. ಹೋಗಲಿ, ಹೊಟ್ಟೆಯಲ್ಲವೆ, ಮೀನಿನದ್ದಾದರೂ ಎಸೆಯುವ ಸಾಮಾನು ಎಂದುಕೊಂಡು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸ್ಕೂಟರಿನ ಕೊಕ್ಕೆಗೆ ತೂಗುಹಾಕಿದಳು. ಲ್ಯಾಬಿನ ಕೌಂಟರಿನಲ್ಲಿ ಎರಡನ್ನೂ ಕೊಟ್ಟು ಮನೆಗೆ ಹೋಗುವಾಗ, ಬೆಳಗಿನಿಂದ ಮೊದಲ ಬಾರಿಗೆ ಅವಳಿಗೆ ಹಸಿವಾಯಿತು.

ವರದಿ ಬರುವವರೆಗೆ ಮರದ ಬುಡದಲ್ಲಿ ಕೂರಬಾರದು ಎಂದು ಆ ರಸ್ತೆಯವರು ತಮ್ಮ ವಾಟ್ಸಾಪಿನಲ್ಲೇ ತೀರ್ಮಾನ ಮಾಡಿದ್ದರು. ಬೇಬಿ ಆದಿ ಉಡುಪಿಯ ಕಡೆ ಹೋಗಿ ನಿಂತು ನೋಡಿದಳು. ಅಲ್ಲಿ ಪ್ರತಿ ಮೂಲೆಗೂ ಒಬ್ಬಳು ಹೆಂಗಸು ಮೊದಲೇ ಇದ್ದಳು. ಅವರ ಹೊಟ್ಟೆಯ ಮೇಲೆ ಕಾಲಿಡುವುದು ಹೇಗೆ? ದಿನದಿನವೂ ಮೀನು ಉಳಿಯಿತು. ಕಾಪುವಿನ ಮಾಡಿನ ಮೇಲೆ ಒಣಮೀನಿಗೆ ಜಾಗ ಸಾಲದೆ ಹೋಯಿತು. ಗಂಡ ಮಲಗಿದಲ್ಲಿಂದ, ಬಿಡು ಮಾರಾಯ್ತಿ, ಬೇರೆ ಊರು ಇಲ್ಲವಾ ಎಂದ. ಊರು ಉಂಟು, ಹೆಸರು ಒಂದೇ ಇರುವುದು ಎಂದಳು ಬೇಬಿ.

ಒಂದು ಬೆಳಿಗ್ಗೆ ಡಾಕ್ಟರು ಅವಳನ್ನು ಮರದ ಬುಡಕ್ಕೆ ಕರೆಸಿದರು. ಉಮಾನಾಥರ ಮನೆಯವರೂ, ರಸ್ತೆಯ ನಾಲ್ಕು ಜನರೂ ಇದ್ದರು. ಡಾಕ್ಟರ ಮುಖ ಕೆಂಪಗಿತ್ತು. ಲಿವರಿನ ಕೋಶಗಳೆಲ್ಲ ಹರಿದು ತೂತು ತೂತಾಗಿವೆಯಂತೆ, ಏನನ್ನೂ ಓದಲು ಆಗುವುದಿಲ್ಲವಂತೆ, ಲ್ಯಾಬಿನವರೇ ಫ್ರೀಜರಿನಲ್ಲಿಟ್ಟು ಹಾಳು ಮಾಡಿರಬೇಕು, ನಾನು ಅವರನ್ನು ಬಿಡುವುದಿಲ್ಲ ಎಂದರು.

ಸುಮ್ಮನಿದ್ದರೆ ಆಗುತ್ತಿತ್ತು. ತಪ್ಪು ಲ್ಯಾಬಿನ ತಲೆಗೆ ಹೋಗುತ್ತಿತ್ತು, ಕೇಳುವವರಿರಲಿಲ್ಲ. ಆದರೆ ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ತಿರುಗಿದ ರುಚಿ ಬೇಬಿಗೆ ಇನ್ನೂ ನಾಲಿಗೆಯ ಮೇಲಿತ್ತು.

"ಲ್ಯಾಬಿನವರಲ್ಲ, ನಾನು," ಎಂದಳು. "ನಿಮ್ಮ ಮದ್ದು ಚೆಲ್ಲಿ ಐಸು ಉಪ್ಪು ಹಾಕಿದೆ."

ಡಾಕ್ಟರು ಹಣೆ ಚಚ್ಚಿಕೊಂಡರು. ನಂತರ, ಕೋಶದ ಒಳಗಿರುವುದೂ ನೀರೇ, ಉಪ್ಪಿನ ಚಳಿಗೆ ಅದು ಹೆಪ್ಪುಗಟ್ಟಿದಾಗ ಸೂಜಿಗಳಾಗಿ ಗೋಡೆಯನ್ನೆಲ್ಲ ಚುಚ್ಚಿ ಹರಿಯುತ್ತದೆ, ಕೋಶ ಸತ್ತ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಹಿಡಿದು ನಿಲ್ಲಿಸುವುದು ಫಾರ್ಮಲಿನ್ ಮಾತ್ರ ಎಂದರು. ಬೇಬಿಗೆ ತಟ್ಟನೆ ಅರ್ಥವಾಯಿತು. ಉಪ್ಪು ಜಾಸ್ತಿಯಾದ ದಿನ ಪೆಟ್ಟಿಗೆಯ ತಳಕ್ಕೆ ಕಲ್ಲಾಗಿ ಅಂಟಿದ ಮೀನು ಕರಗಿದಾಗ ನೀರು ಬಿಟ್ಟು ಜೋಲು ಬೀಳುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಕಂಡೂ ಹೊಳೆದಿರಲಿಲ್ಲ.

"ಒಂದು ಮಾತು ನನ್ನನ್ನು ಕೇಳಬಹುದಿತ್ತಲ್ಲ," ಎಂದರು ಡಾಕ್ಟರು ಸಿಟ್ಟಿನಿಂದ.

"ಒಂದು ಮಾತು ನೀವು ಹೇಳಬಹುದಿತ್ತಲ್ಲ," ಎಂದಳು ಬೇಬಿ. "ಇಡೀ ಊರು ನನ್ನನ್ನು ಫಾರ್ಮಲಿನ್ ಅಂತ ಬಯ್ಯುವಾಗ ಅದನ್ನೇ ಬಾಟಲಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿರಿ."

ಉಮಾನಾಥರು ನಡುವೆ ಬಾಯಿ ಹಾಕಿದರು. "ನೋಡಿದಿರಾ? ಸಾಕ್ಷಿಯನ್ನು ಅವಳೇ ಕೊಂದಳು. ತಪ್ಪು ಇಲ್ಲದವರು ಚೆಲ್ಲುತ್ತಾರಾ?" ಸುತ್ತಲಿದ್ದವರು ತಲೆ ಆಡಿಸಿದರು. ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಿದವಳು ಕಳ್ಳಿ. ಬಾನಿಗೆ ಪಾತ್ರೆಗಟ್ಟಲೆ ಸುರಿದು ಒಂದು ಹಿಡಿ ಎಂದವರು ಮರ್ಯಾದಸ್ಥರು. ಬೇಬಿ ಅಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಏನಾದರೂ ಅಂದುಬಿಡುತ್ತಿದ್ದಳೋ ಏನೋ, ಅಷ್ಟರಲ್ಲಿ ಡಾಕ್ಟರು ಕೇಳಿದರು: "ದೊಡ್ಡ ಬಾಟಲಿ? ಅದನ್ನೂ ಚೆಲ್ಲಿದಿರಾ?"

"ಹೊಟ್ಟೆಯದ್ದಾ? ಅದನ್ನು ಯಾರು ಮುಟ್ತಾರೆ. ಮೀನಿನ ಹೊಟ್ಟೆ ನಾವು ಬೆಕ್ಕಿಗೆ ಹಾಕುವುದು."

ಸಿಟ್ಟಿನ ನಡುವೆಯೂ ಡಾಕ್ಟರ ತುಟಿ ಅಲುಗಿತು. ಆ ತುಂಡು ದಪ್ಪವಾದ್ದರಿಂದ ಮದ್ದು ಒಳಗಿಳಿಯಲು ಲ್ಯಾಬಿನವರು ಕಾಯುತ್ತಿದ್ದರು. ಅದರ ಫಲ ಇನ್ನೂ ಬಂದಿರಲಿಲ್ಲ. ಅದು ಬರುವವರೆಗೆ ಯಾರೂ ಬಾಯಿ ತೆರೆಯಬೇಡಿ ಎಂದು ಹೇಳಿ ಹೋದರು.

ಆ ವಾರ ಬೇಬಿ ದಿನಾ ಬೆಳಿಗ್ಗೆ ಗುಡಿಯ ಮುಂದೆ ನಿಂತಳು; ಗೆಲ್ಲಿಸು ಎಂದು ಬೇಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸು ಎಂದಳು. ಶುಕ್ರವಾರ ಫೋನು ಬಂದಾಗ ನೇರ ಪಶು ಆಸ್ಪತ್ರೆಗೆ ಹೋದಳು. ಡಾಕ್ಟರು ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಗುಲಾಬಿ ಬಣ್ಣದ ಪದರ. ಮೇಲ್ಭಾಗದಲ್ಲಿ ಕೋಶಗಳು ಕರಗಿ ಗುರುತು ಸಿಗದ ಹಾಗೆ. ಅದರ ಕೆಳಗೆ ನೇರಳೆ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಸಂತೆಯ ಹಾಗೆ ಸೇರಿದ್ದವು.

"ಚಪ್ಪಲಿ," ಎಂದಳು ಬೇಬಿ.

"ಚಪ್ಪಲಿಯೇ. ಅಂಗಳ ತುಂಬ. ಕಪಿಲೆ ಬದುಕಿದ್ದಾಗಲೇ ಹೊಟ್ಟೆ ಒಳಗಿನಿಂದ ಸುಟ್ಟಿದೆ. ಅಷ್ಟು ಅನ್ನ, ಬೆಲ್ಲ ಒಮ್ಮೆಲೇ ಹೋದರೆ ದನದ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ರಕ್ತಕ್ಕೂ ಹುಳಿ ಸೇರುತ್ತದೆ. ಸೋಮವಾರವೇ ಕರೆದಿದ್ದರೆ ಉಳಿಸಬಹುದಿತ್ತೋ ಏನೋ. ಸೋಡಾ ಕುಡಿಸಿದ ಮೇಲೆ ಕೆಂಚಿ ಉಳಿಯಲಿಲ್ಲವಾ?"

ಬೇಬಿ ಆ ಚುಕ್ಕೆಗಳನ್ನು ಮತ್ತೆ ಮತ್ತೆ ನೋಡಿದಳು. ಮೂಕ ಪ್ರಾಣಿಯ ದೇಹ ಕೊನೆಯವರೆಗೂ ತನ್ನವರನ್ನು ಕಳುಹಿಸುತ್ತಲೇ ಇತ್ತು. ಹೊರಗೆ ನಿಂತ ಮನುಷ್ಯರು ಮಾತ್ರ ದೃಷ್ಟಿ ತೆಗೆದು ಕೂತಿದ್ದರು. ಸತ್ತ ಮೇಲೆ ಒದೆಯಲು ಒಂದು ಪೆಟ್ಟಿಗೆ ಹುಡುಕಿದರು.

ಡಾಕ್ಟರು ಅದೇ ಸಂಜೆ ಉಮಾನಾಥರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಚಾವಡಿಯಲ್ಲಿ ಕೂರಿಸಿ ಚಹಾ ಕೊಟ್ಟರಂತೆ. ಆದದ್ದು ಆಯಿತು, ಇನ್ನು ದೊಡ್ಡದು ಮಾಡುವುದು ಬೇಡ ಎಂದರಂತೆ. ವಾಟ್ಸಾಪಿನಲ್ಲಿ ಒಂದು ಸಾಲೂ ಬರಲಿಲ್ಲ. ಮರುದಿನ ಬೇಬಿ ಮರದ ಬುಡದಲ್ಲಿ ಪೆಟ್ಟಿಗೆ ಇಳಿಸಿದಾಗ ಯಾರೂ ತಡೆಯಲಿಲ್ಲ. ಬೇಬಿಯಕ್ಕ, ಬೂತಾಯಿ ಉಂಟಾ ಎಂದು ತಟ್ಟೆಗಳು ಬಂದವು, ನಡುವಿನ ದಿನಗಳು ಇರಲೇ ಇಲ್ಲವೆಂಬಂತೆ. ಬಯ್ದದ್ದು ನಡುರಸ್ತೆಯಲ್ಲಿ, ಒಪ್ಪಿಕೊಂಡದ್ದು ಚಾವಡಿಯ ಒಳಗೆ. ಇದು ಯಾವ ನ್ಯಾಯ ಎಂದುಕೊಂಡಳು. ಆದರೂ ಎಲ್ಲರಿಗೂ ಮೀನು ಕೊಟ್ಟಳು. ಪ್ರಣೀತಾ ತಟ್ಟೆ ಹಿಡಿದು ಬಂದಾಗ ಮಾತ್ರ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಮಗಾ. ಆದರೆ ನಿಮ್ಮ ಮನೆಗೆ ಮೀನು ಇಲ್ಲ. ಮಾವನನ್ನು ಕಳುಹಿಸು."

ಮಾವ ಬರಲಿಲ್ಲ. ಮರುದಿನವೂ ಬರಲಿಲ್ಲ. ಬಂಗುಡೆಗಾಗಿ ಪರ್ಕಳದವರೆಗೆ ನಡೆದು ಹೋಗಿ, ಕಣ್ಣು ಹೂತ ಮೀನು ತಂದು, ಮನೆಯಲ್ಲಿ ಬೈಸಿಕೊಂಡರು ಎಂದು ಗಿರಾಕಿಗಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಬೇಬಿ ನಗಲಿಲ್ಲ. ಚರಂಡಿಯ ಬದಿಯಲ್ಲಿ ಕೆಂಚಿಯನ್ನು ಮತ್ತೆ ಕಟ್ಟಿದ್ದರು. ಐಸಿನ ನೀರು ಹರಿದ ಅದೇ ಹುಲ್ಲನ್ನು ಅದು ಪರಪರನೆ ಕಿತ್ತು ಮೇಯುತ್ತಿತ್ತು, ಮೈ ತುಂಬಿಕೊಂಡಿತ್ತು. ಆ ಮನೆಯವರಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ.

ದೋಣಿಗಳು ದಡ ಸೇರುವ ಮಳೆಗಾಲಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಗಿರಾಕಿಗಳ ಹಿಂದೆ ಉಮಾನಾಥರು ನಿಂತಿದ್ದರು, ತಾವೇ ತಟ್ಟೆ ಹಿಡಿದುಕೊಂಡು. ಸರದಿ ಬರುವವರೆಗೆ ಕಾದರು. ಬೇಬಿ ತಲೆ ಎತ್ತಲಿಲ್ಲ. ಅವರು ಬಗ್ಗಿ, ಅವಳಿಗಷ್ಟೇ ಕೇಳುವಂತೆ, ಅದು ನಿನ್ನ ನೀರಿನಿಂದ ಆದದ್ದಲ್ಲ ಎಂದರು.

"ಗಟ್ಟಿಯಾಗಿ ಹೇಳಿ ಉಮಾನಾಥಣ್ಣ," ಎಂದಳು ಬೇಬಿ. "ಅವತ್ತು ಇಷ್ಟು ಮೆಲ್ಲ ಹೇಳಿರಲಿಲ್ಲ."

ಉಮಾನಾಥರು ಸುತ್ತ ನೋಡಿದರು. ತಟ್ಟೆಗಳು ಅಲ್ಲಲ್ಲೇ ನಿಂತಿದ್ದವು. ಎದುರು ಮನೆಯ ಗೇಟಿನಲ್ಲಿ ಅವರ ಹೆಂಡತಿ ಇದ್ದರು.

"ನನ್ನ ದನ ಸತ್ತದ್ದು ಬೇಬಿಯ ನೀರಿನಿಂದ ಅಲ್ಲ," ಎಂದರು. ಸ್ವರ ರಸ್ತೆಯ ಆಚೆಗೂ ಕೇಳಿಸಿತು. "ನಾವು ಹಾಕಿದ ಅನ್ನದಿಂದ. ಪೆಟ್ಟಿಗೆಗೆ ಕಾಲು ಹಾಕಿದ್ದು ನನ್ನ ತಪ್ಪು."

ಬೇಬಿ ತಕ್ಕಡಿ ಎತ್ತಿದಳು. ಆರಿಸಿ ಆರಿಸಿ, ಕಣ್ಣು ಹೊಳೆಯುವ ಬಂಗುಡೆಗಳನ್ನೇ ತೂಗಿ ಅವರ ತಟ್ಟೆಗೆ ಹಾಕಿದಳು. ಮನೆ ಎದುರಿಗೇ ಇದ್ದರೂ ಒಂದು ಹಿಡಿ ಐಸನ್ನೂ ಹಾಕಿದಳು. ಎಲ್ಲರಿಗೂ ತೂಕದ ಮೇಲಿಂದ ಬಿಟ್ಟಿಯಾಗಿ ಹಾಕುವ ಒಂದು ಮೀನಿಗಾಗಿ ಅವರು ಅಭ್ಯಾಸಬಲದಿಂದ ತಟ್ಟೆಯನ್ನು ಇನ್ನೂ ಒಡ್ಡಿಯೇ ನಿಂತಿದ್ದರು. ಅದನ್ನು ಮಾತ್ರ ಅವಳು ಅವತ್ತು ಹಾಕಲಿಲ್ಲ.